ಯಾರದೋ ಬದಕ

೭೮೬
ತಂಗಡಗಿ
೧೪ ಅಕ್ಟೋಬರ್ ೧೯೬೩

ಗೆಳತಿ ಶೆಟ್ಟೆವ್ವನಿಗೆ ದಾವಲಬಿಯ ಸಲಾಮು.

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ. ಯಂಕಂಚಿಯ ಶಾಲೆಯಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ಒಂದೇ ಪಾಟಿಯ ಒಂದು ಮಗ್ಗುಲಿಗೆ ನೀನು, ಇನ್ನೊಂದು ಮಗ್ಗುಲಿಗೆ ನಾನು ಬರೆದು ಕಲಿತ ಅಕ್ಷರಗಳು ಇವು. ಒಲೆಗೆ ಹಾಕುವುದಿದ್ದರೂ ಪೂರ್ತಿ ಓದಿ ಹಾಕು. ಎರಡು ಕೆಲಸಕ್ಕಾಗಿ ಬರೆಯುತ್ತಿದ್ದೇನೆ.

ಒಂದು. ದೇವರ ದಯೆಯಿಂದ ನಾನೂ ನಮ್ಮ ಮನೆಯವರೂ ಈ ಸಲ ಹಜ್ಜಿಗೆ ಹೋಗುವ ನಿಯ್ಯತ್ತು ಮಾಡಿದ್ದೇವೆ. ರಮಜಾನ್ ಮುಗಿದ ಮೇಲೆ ಮುಂಬಯಿಯಿಂದ ಜಹಾಜು. ಹೊರಡುವ ಮೊದಲು ಬಲ್ಲವರೆಲ್ಲರ ಬಾಗಿಲಿಗೆ ಹೋಗಿ, ಆಡಿದ್ದು ಮಾಡಿದ್ದು ಏನಾದರೂ ಇದ್ದರೆ ಮಾಫ್ ಮಾಡಿರಿ ಎಂದು ಕೇಳಬೇಕು. ಇದು ನಿನಗೂ ಗೊತ್ತು. ನಮ್ಮ ಅಜ್ಜ ಹೋಗುವಾಗ ನಿಮ್ಮ ಪಡಸಾಲೆಯಲ್ಲಿ ಕೂತು, ನಿಮ್ಮ ಅಪ್ಪನ ಕೈ ಹಿಡಿದು ಕೇಳಿದ್ದನ್ನು ನಾವಿಬ್ಬರೂ ಕಂಬದ ಹಿಂದಿನಿಂದ ನೋಡಿದ್ದೆವು. ದೇವರಿಗೆ ಮಾಡಿದ ತಪ್ಪನ್ನು ದೇವರು ಮಾಫ್ ಮಾಡುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮಾಡಬೇಕು. ಊರೊಳಗೆ ಒಂದು ಸುತ್ತು ಕೇಳಿ ಮುಗಿಸಿದ್ದೇನೆ. ಹೊರಗಿನವರಲ್ಲಿ ಉಳಿದವಳು ನೀನೊಬ್ಬಳು.

ನಿನಗೆ ನಾನು ಏನು ಮಾಡಿದೆ ಎಂಬುದೇ ನನಗೆ ಗೊತ್ತಿಲ್ಲ, ಶೆಟ್ಟೆವ್ವಾ. ನಿನ್ನ ಯಜಮಾನರು ತೀರಿಕೊಂಡಾಗ ಮಣ್ಣಿಗೆ ಬಂದು ನಿನ್ನ ಮಗ್ಗುಲಲ್ಲಿ ಕೂತಿದ್ದೆ. ಕರ್ಮ ಮುಗಿಯುವ ತನಕ ನಿನ್ನ ಮನೆಯಲ್ಲೇ ಇದ್ದೆ. ಹೊರಟು ನಿಂತಾಗ ನೀನು ನನ್ನ ಸೆರಗು ಬಿಡಲಿಲ್ಲ. ಮುಂದೆ ಬಂದ ಸಂಕ್ರಾಂತಿಯ ನಂತರ ನಿನ್ನ ಕಾಗದಗಳು ನಿಂತುಹೋದವು. ನಾನು ಬರೆದೆ, ಮತ್ತೆ ಬರೆದೆ. ಉತ್ತರವಿಲ್ಲ. ಆಮೇಲೆ ನನಗೂ ಸಿಟ್ಟು ಬಂದು ಬಿಟ್ಟುಬಿಟ್ಟೆ. ಈಗ ಸಿಟ್ಟು ಇಟ್ಟುಕೊಂಡು ಜಹಾಜು ಹತ್ತುವಂತಿಲ್ಲ. ಏನು ಮಾಡಿದ್ದರೂ ಮಾಫ್ ಮಾಡು. ಏನೆಂದು ಹೇಳಿ ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯದು ಒಂದು ಬದಕದ ವಿಷಯ. ನಗಬೇಡ.

ಕೃಷ್ಣೆಯ ನೀರು ಇಳಿದು ನಡುವಿನ ಮರಳು ದಿಬ್ಬ ಕಾಣತೊಡಗಿದೆ. ವರ್ಷವೂ ಈ ಹೊತ್ತಿಗೆ ಎಲ್ಲಿಂದಲೋ ಹಕ್ಕಿಗಳು ಬಂದು ಅಲ್ಲಿ ಇಳಿಯುತ್ತವೆ. ಹೋದ ವಾರ ನಮ್ಮ ಮನೆಯವರು ಬಲೆ ಹಾಕಿ ಒಂದು ಬದಕ, ಬಾತುಕೋಳಿಯ ಜಾತಿಯದು, ಹಿಡಿದು ತಂದರು. ಬಿಸ್ಮಿಲ್ಲಾ ಹೇಳಿ ಕೊಯ್ದರು. ನಾನು ಮಸಾಲೆ ಅರೆದು ಮಾಡಿದೆ. ಉಂಡೆವು. ಮರುದಿನ ಕೋಳಿಗಳು ತಿಪ್ಪೆ ಕೆದರುವಾಗ ಆ ಬದಕದ ಕಾಲು ಮೇಲೆ ಬಂತು. ಕೆಸರಿನಲ್ಲಿ ಏನೋ ಹೊಳೆಯಿತು. ತೊಳೆದು ನೋಡಿದರೆ ಕಾಲಿಗೆ ತಗಡಿನ ಸಣ್ಣ ಉಂಗುರ, ಅದರ ಮೇಲೆ ಇಂಗ್ಲಿಷ್ ಅಕ್ಷರ!

ನಮ್ಮ ಓಣಿಯಲ್ಲಿ ಎಲ್ಲರ ಕೋಳಿಗಳೂ ಒಂದೇ ತಿಪ್ಪೆ ಮೇಯುತ್ತವೆ. ಯಾವುದು ಯಾರದು ತಿಳಿಯಲೆಂದು ಒಬ್ಬೊಬ್ಬರು ಒಂದೊಂದು ಬಣ್ಣದ ಚಿಂದಿ ಕಾಲಿಗೆ ಕಟ್ಟುತ್ತೇವೆ. ಪಕ್ಕದ ಮನೆಯ ಹುಲಿಗೆವ್ವನ ಕೋಳಿಗೆ ಕೆಂಪು, ನಮ್ಮವಕ್ಕೆ ಹಸಿರು. ಹುಲಿಗೆವ್ವ ಎಷ್ಟೇ ಜಗಳಗಂಟಿ ಇರಲಿ, ಹಸಿರು ಚಿಂದಿಯ ಕೋಳಿಯನ್ನು ಮುಟ್ಟುವುದಿಲ್ಲ. ನಮ್ಮಂಥವರು ಚಿಂದಿ ಕಟ್ಟಿದ ಕೋಳಿಗೇ ಒಡೆಯರಿರುವಾಗ, ಉಂಗುರ ಮಾಡಿಸಿ ಅಕ್ಷರ ಕೊರೆಸಿ ತೊಡಿಸಿದ ಬದಕಕ್ಕೆ ಒಡೆಯ ಇರದೆ ಇರುತ್ತಾನೆಯೇ? ಪರರ ಬದಕ ತಿಂದ ಬಾಯಿಂದ ಕಾಬಾದ ಮುಂದೆ ಏನೆಂದು ದುವಾ ಬೇಡಲಿ?

ನಿನ್ನ ಮಗ ಚಂದಪ್ಪ ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾನೆಂದು ಕೇಳಿದ್ದೇನೆ. ಉಂಗುರದ ಮೇಲಿನ ಅಕ್ಷರಗಳನ್ನು ನೋಡಿ ನೋಡಿ ಈ ಕಾಗದದ ಹಿಂದೆ ಬಿಡಿಸಿದ್ದೇನೆ. ತಲೆಕೆಳಗಾಗಿದ್ದರೆ ತಿರುಗಿಸಿ ಓದಲಿ. ಒಡೆಯ ಯಾರೆಂದು ತಿಳಿದರೆ ಅವರ ಮಾಫಿಯನ್ನೂ ಕೇಳಬೇಕು.

ಕಾಗದದ ದಾರಿ ಕಾಯುವ,
ದಾವಲಬಿ


ಶ್ರೀ
ಯಂಕಂಚಿ
೨೮ ಅಕ್ಟೋಬರ್ ೧೯೬೩

ದಾವಲಬಿಯವರಿಗೆ ಶೆಟ್ಟೆವ್ವನ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿತು. ಚಂದಪ್ಪ ನಿನ್ನೆ ಸಿಂದಗಿಯಿಂದ ಬಂದಿದ್ದ. ಉಂಗುರದ ಮೇಲೆ ಮುಂಬಯಿಯ ಯಾವುದೋ ಸಂಸ್ಥೆಯ ಹೆಸರೂ ಒಂದು ನಂಬರೂ ಇದೆಯಂತೆ. ಸಿಕ್ಕವರು ತಿಳಿಸಬೇಕೆಂದು ಬರೆದಿದೆಯಂತೆ. ಅವನೇ ಅವರಿಗೆ ಕಾಗದ ಹಾಕುತ್ತಾನೆ. ಉತ್ತರ ಬಂದರೆ ತಿಳಿಸುತ್ತೇನೆ.

ಇನ್ನೊಂದು ವಿಷಯಕ್ಕೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ.

ನಿನ್ನೆ ಸಂಜೆ ಕರ್‌ ಕರ್‌ ಎನ್ನುತ್ತ ಹಕ್ಕಿಗಳ ಉದ್ದನೆಯ ಸಾಲು ನಮ್ಮ ಊರ ಮೇಲಿಂದ ತೆಂಕಣಕ್ಕೆ ಹೋಯಿತು. ನಿಮ್ಮ ಹೊಳೆಗೇ ಇರಬೇಕು.

ಶೆಟ್ಟೆವ್ವ


೭೮೬
ತಂಗಡಗಿ
೯ ನವೆಂಬರ್ ೧೯೬೩

ಶೆಟ್ಟೆವ್ವಾ,

ಕಾರ್ಡು ಬಂತು. ನನಗೆ ‘ನೀವು’ ಎಂದು ಬರೆದಿದ್ದೀ. ಒಂದೇ ಪಾಟಿಯನ್ನು ಉಗುಳು ಹಚ್ಚಿ ಒರೆಸಿದವರ ನಡುವೆ ‘ನೀವು’ ಎಲ್ಲಿಂದ ಬಂತು? ನಮ್ಮ ಮನೆಯವರಿಗೆ ಓದಿ ಹೇಳಿದೆ. “ಮರ್ಯಾದಿ ಕೊಟ್ಟಾಳಲ್ಲ, ಅದಕ್ಕೂ ಅಳ್ತಿಯೇನು?” ಎಂದರು. ಗಂಡಸರಿಗೆ ಇಂಥದು ತಿಳಿಯುವುದಿಲ್ಲ.

ಬದಕದ ವಿಷಯದಲ್ಲಿ ತಲೆ ಕೆಟ್ಟು ಗೊಬ್ಬರವಾಗಿದೆ. ಮಸೀದಿಯ ಮುಲ್ಲಾಸಾಬರನ್ನು ನಮ್ಮ ಮನೆಯವರಿಂದ ಕೇಳಿಸಿದೆ. ಮೊದಲ ದಿನ, “ಹಾರೂ ಹಕ್ಕಿಗೆ ಯಾರ ಒಡೆತನ? ಹಲಾಲ್ ಮಾಡಿ ತಿಂದೀರಿ, ಸುಮ್ನಿರ್ರಿ” ಎಂದರು. ಉಂಗುರ ಕಳಿಸಿ ತೋರಿಸಿದ ಮೇಲೆ ಗಡ್ಡ ಸವರಿಕೊಂಡು, “ಇದು ಬ್ಯಾರೆ ಆತಲ್ಲ. ಹಾದ್ಯಾಗ ಸಿಕ್ಕ ವಸ್ತು ಇದ್ದಂಗ ಇದು. ಮಂದಿಗೆ ಕೇಳೂವಂಗ ಸಾರಬೇಕು” ಎಂದರು. ಸಾರಿ ಒಡೆಯ ಸಿಗದಿದ್ದರೆ ಹೇಗೆ ಎಂದು ಕೇಳಿಸಿದೆ. “ಎರಡೂ ಕಡೆ ಮಾತು ಐತಿ” ಎಂದು ಹೇಳಿ ಅಜಾನ್ ಕೊಡಲು ಎದ್ದು ಹೋದರಂತೆ.

ಸರಿ, ಮುದ್ದೇಬಿಹಾಳದ ಸಂತೆಯಲ್ಲಿ ಡಂಗುರ ಹೊಡೆಸಿದೆವು. “ಕೇಳ್ರಪ್ಪೋ ಕೇಳ್ರಿ! ಕಾಲಾಗ ಉಂಗುರ ಇದ್ದ ಬದಕ ಯಾರದಾರ ಕಳದಿದ್ರ ತಂಗಡಗಿ ಫಕೀರಸಾಬರ ಮನಿಗೆ ಬಂದು ಹೇಳ್ರಿ!” ಸಂತೆಯವರು ನಮ್ಮ ಮನೆಯವರನ್ನು ಸುತ್ತಿಕೊಂಡರಂತೆ.

“ಬದಕ ಎಲ್ಲೈತ್ರಿ ಸಾಹೇಬ್ರ?”

“ತಿಂದೇವ್ರಿ.”

“ತಿಂದ ಮ್ಯಾಲ ಹುಡುಕಾಕತ್ತೀರೇನ್ರಿ ಒಡೆಯನ್ನ? ರುಚಿ ಇತ್ತೇನ್ರಿ?”

ನಮ್ಮ ಮನೆಯವರು ಮುಖ ಕೆಂಪಗೆ ಮಾಡಿಕೊಂಡು ಬಂದು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಬಟ್ಟೆ ಅಂಗಡಿಯ ಬಾಬುಲಾಲ ಬಂದ. ಕಟ್ಟೆಯ ಮೇಲೆ ಕೂತು, “ಅಕ್ಕಾರ, ಆ ಬದಕ ನಂದರಿ. ಖುಷಿಲೆ ಮಾಫ್ ಮಾಡೇನಿ. ಅಲ್ಲಿ ಹೋದಾಗ ನಮ್ಮ ಸಲುವಾಗಿ ಒಂದು ದುವಾ ಮಾಡ್ರಿ, ಸಾಕು” ಎಂದ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೂ ಕೇಳಿದೆ.

“ಉಂಗುರ ಯಾತರದಪಾ, ಬಾಬುಲಾಲ?”

“ಬೆಳ್ಳೀದರಿ ಮತ್ತ! ನಾವೇನು ಹಗರ ಮಂದಿ ಅಲ್ರಿ.”

“ಏಳು ಮ್ಯಾಲ. ತಗಡಿಂದೈತಿ.”

ಅವನು ನಾಚಲೂ ಇಲ್ಲ. ನಗುತ್ತ ಎದ್ದು, “ಆತ್ರಿ, ಬದಕ ನಂದಲ್ಲ. ದುವಾನರ ಮಾಡ್ರಿ” ಎಂದ. ಮಾಡುತ್ತೇನೆ ಎಂದೆ. ಸುಳ್ಳು ಹೇಳಿದವನಿಗೂ ದುವಾ ಬೇಕೇ ಬೇಕಲ್ಲ.

ಈಗ ದಿನಾ ಮಧ್ಯಾಹ್ನ ಹೊಳೆಗೆ ಹೋಗಿ ಕೂಡುತ್ತಿದ್ದೇನೆ. ಒಡೆಯನಾದವನು ಒಂದೇ ಬದಕಕ್ಕೆ ಉಂಗುರ ತೊಡಿಸಿರುತ್ತಾನೆಯೇ? ಹಿಂಡಿನಲ್ಲಿ ಇನ್ನೊಂದು ಇದ್ದರೆ, ಅದನ್ನು ಹುಡುಕಿಕೊಂಡು ಯಾರಾದರೂ ಬಂದಾರು ಎಂಬ ಆಸೆ. ಬಟ್ಟೆ ಒಗೆಯುವ ನೆಪದಲ್ಲಿ ಹೋಗಿ ಜಾಲಿ ಗಿಡದ ಬುಡದಲ್ಲಿ ಕೂತು ಹಕ್ಕಿಗಳ ಕಾಲು ನೋಡುತ್ತೇನೆ. ಇಷ್ಟು ವರ್ಷ ಇದೇ ಹೊಳೆಯ ನೀರು ಹೊತ್ತಿದ್ದೇನೆ, ಹಕ್ಕಿ ಎಂದರೆ ಹಕ್ಕಿ ಎಂದುಕೊಂಡಿದ್ದೆ. ಈಗ ನೋಡಿದರೆ ಅದೊಂದು ದೊಡ್ಡ ಸಂತೆ. ಕೋಲುಗಾಲಿನ ಸಣ್ಣವು ಕೆಸರಂಚಿನಲ್ಲಿ ಓಡುತ್ತ, ಕೌದಿ ಹೊಲಿದಂತೆ ಕೊಕ್ಕು ಚುಚ್ಚುತ್ತವೆ. ಬಾಲ ಕುಣಿಸುವವು ಒಂದು ಕಡೆ ನಿಲ್ಲುವುದೇ ಇಲ್ಲ. ಮಠದ ಸ್ವಾಮಿಗಳ ಕಾವಿಯ ಬಣ್ಣದ ದೊಡ್ಡ ಬದಕಗಳಿವೆ, ಅವು ಯಾವಾಗಲೂ ಗಂಡ ಹೆಂಡತಿ ಜೋಡಿಯಾಗಿಯೇ ಕೂಡುತ್ತವೆ. ನಾವು ತಿಂದಂಥ ಸಣ್ಣ ಬದಕಗಳು ನಡುನೀರಿನಲ್ಲಿ ಇರುತ್ತವೆ. ಅವುಗಳ ಕಾಲು ನೋಡಬೇಕೆಂದರೆ ಕಾಲು ನೀರೊಳಗೆ! ಬಿಸಿಲಿಗೆ ಮರಳಿನ ಮೇಲೆ ಬಂದವೋ, ಒಂದು ಕಾಲು ಮಡಚಿ ಹೊಟ್ಟೆಯೊಳಗೆ ಇಟ್ಟುಕೊಂಡು ನಿದ್ದೆ ಮಾಡುತ್ತವೆ. ಉಂಗುರ ಆ ಮಡಚಿದ ಕಾಲಿಗೇ ಇದ್ದರೆ? ಅದು ಕಾಲು ಬದಲಿಸುವ ತನಕ ಕಾಯುತ್ತೇನೆ. ಬದಲಿಸಿದಾಗ ಮೊದಲು ನೋಡಿದ ಕಾಲು ಎಡದ್ದೋ ಬಲದ್ದೋ ಮರೆತಿರುತ್ತದೆ.

ನೀನು ಬರೆದ ಕರ್‌ ಕರ್‌ ಹಕ್ಕಿಗಳು ಇಲ್ಲಿ ಇಳಿದಿವೆ. ನಿನ್ನ ತಲೆಯ ಮೇಲಿಂದ ಬಂದವು ಎಂದು ಅವುಗಳನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ.

ನಾನು ಏನು ಮಾಡಿದೆ, ಹೇಳು. ಬೈದಾದರೂ ಹೇಳು.

ನಿನ್ನ,
ದಾವಲಬಿ


೭೮೬
ತಂಗಡಗಿ
೨ ಡಿಸೆಂಬರ್ ೧೯೬೩

ಶೆಟ್ಟೆವ್ವಾ,

ನಿನ್ನ ಕಾರ್ಡಿಗಾಗಿ ದಾರಿ ನೋಡಿದೆ. ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾಗಿಲು ತೆರೆಯುವ ತನಕ ನಿಂತು ಕೇಳಬೇಕಾದದ್ದು ನನ್ನ ಕೆಲಸ.

ಹೊಳೆಯಲ್ಲಿ ಹೊಸಬರು ಬಂದಿದ್ದಾರೆ. ದೊಡ್ಡ ಹಕ್ಕಿಗಳು, ಬೂದಿ ಬಣ್ಣ, ಬಿಳಿಯ ತಲೆಯ ಹಿಂಭಾಗಕ್ಕೆ ಎರಡು ಕರಿ ಗೆರೆ, ನಿಮ್ಮವರು ವಿಭೂತಿ ಎಳೆದುಕೊಂಡಂತೆ. ನಸುಕಿನಲ್ಲಿ ಕಡಲೆ ಹೊಲಕ್ಕೆ ಹೋಗಿ, ಬಿಸಿಲೇರಿದ ಮೇಲೆ ಮರಳಿಗೆ ಬರುತ್ತವೆ. ಇಳಿಯುವಾಗ ಒಂದೊಂದೇ ಗಾಳಿಯಲ್ಲಿ ಮಗುಚಿಕೊಂಡು ಬೀಳುವಂತೆ ಇಳಿಯುತ್ತವೆ. ಎದೆ ಧಸಕ್ಕೆನ್ನುತ್ತದೆ, ಆದರೆ ಕಾಲೂರುವ ಹೊತ್ತಿಗೆ ಸರಿಯಾಗಿ ನಿಂತಿರುತ್ತವೆ.

ಹೋದ ಗುರುವಾರ ಒಂದು ಸಂಗತಿ ನಡೆಯಿತು. ಅಲುಗಾಡದೆ ಕೂತರೆ ಹಕ್ಕಿಗಳು ಹತ್ತಿರ ಬರುತ್ತವೆಂದು ಈಗ ಕಲಿತಿದ್ದೇನೆ. ಅವತ್ತು ಸಣ್ಣ ಬದಕಗಳ ಒಂದು ಹಿಂಡು ನೀರು ಬಿಟ್ಟು ಮೇಲೆ ಬಂದು ನನ್ನ ಎದುರಿಗೇ ಕೂತಿತು. ಒಂದರ ಕಾಲಲ್ಲಿ ಏನೋ ಹೊಳೆದಂತಾಯಿತು. ಉಂಗುರವೋ, ಹಸಿ ಮರಳೋ? ಉಸಿರು ಹಿಡಿದು ನೋಡುತ್ತಿದ್ದೇನೆ, ಆಗಲೇ ಹಿಂದೆ ದಂಡೆಯ ಮೇಲಿಂದ ಹುಲಿಗೆವ್ವನ ಧ್ವನಿ.

“ದಾವಲವ್ವಾ! ಏ ದಾವಲವ್ವಾ! ನಿಮ್ಮ ಮನೀಗಿ ಬೀಗರು ಬಂದಾರ!”

ಕೇಳಿಸಿತು. ಹುಲಿಗೆವ್ವ ಎಂದೂ ತಿಳಿಯಿತು. ಆದರೆ ಕತ್ತು ತಿರುಗಿಸಿದರೆ ಹಿಂಡು ಏಳುತ್ತದೆ. ಮತ್ತೆ ಕರೆದಳು, ಮತ್ತೆ ನಾನು ಅಲುಗಲಿಲ್ಲ. ಏನು ಹೇಳಲಿ, ನಮಾಜಿನಲ್ಲಿ ನಿಂತಂತೆಯೇ ಆಗಿತ್ತು. ಅಲ್ಲಿಯೂ ಹೀಗೆಯೇ. ಕಿವಿಗೆ ಎಲ್ಲ ಬೀಳುತ್ತದೆ, ಹಾಲು ಉಕ್ಕುವುದು, ಬೆಕ್ಕು ಹಾರುವುದು, ಯಾರೋ ಕರೆಯುವುದು. ಬಿದ್ದದ್ದು ಒಳಗೆ ಇಳಿಯುವುದಿಲ್ಲ. ಸಲಾಮು ತಿರುಗಿಸಿ ಎದ್ದ ಮೇಲೆ, ಯಾರೋ ಕರೆದಂತಾಯಿತಲ್ಲ ಎಂದು ನೆನಪಾಗುತ್ತದೆ. ಹೊರಗೆ ಬಂದು ನೋಡಿದರೆ ಒಮ್ಮೊಮ್ಮೆ ಯಾರೂ ಇರುವುದಿಲ್ಲ.

ಹುಲಿಗೆವ್ವ ಕಲ್ಲು ಒಗೆದಳು. ಹಿಂಡು ಎದ್ದು ಹೋಯಿತು. ಹೊಳೆದದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಅವಳು ಓಣಿಯಲ್ಲೆಲ್ಲ, “ಹಜ್ಜಿಗೆ ಹೋಗೂ ಮೊದ್ಲ ಆಕಿಗೆ ಸೊಕ್ಕ ಬಂದೈತಿ, ಕರದ್ರ ತಿರುಗಿ ನೋಡಂಗಿಲ್ಲ” ಎಂದು ಸಾರಿದಳು. ಅವಳ ಹತ್ತಿರ ಮಾಫಿ ಕೇಳಿ ಆಗಿತ್ತು. ಮತ್ತೊಮ್ಮೆ ಹೋಗಿ ಕೇಳಿದೆ. “ಎಷ್ಟ ಸಲ ಮಾಡ್ಲೆಬೇ ಮಾಫ? ದಿನಾ ಬಾ, ದಿನಾ ಮಾಡ್ತೇನಿ” ಎಂದಳು.

ಮುಲ್ಲಾಸಾಬರಿಗೂ ಗೊತ್ತಿಲ್ಲ, ಮುಂಬಯಿಯಿಂದಲೂ ಸುದ್ದಿಯಿಲ್ಲ, ನಿನ್ನಿಂದಲೂ ಇಲ್ಲ. ಹೀಗೆ ಅರ್ಧ ಬಿಡಿಸಿದ ಗಂಟಿನಂತೆ ಹೋಗುವುದೋ, ಹೋಗದೆ ಉಳಿಯುವುದೋ? ನಮ್ಮ ಮನೆಯವರು, “ಒಂದು ಬದಕದ ಸಲುವಾಗಿ ಹಜ್ ಬಿಡ್ತಿಯೇನು?” ಎನ್ನುತ್ತಾರೆ. ಬದಕಕ್ಕಾಗಿ ಮಾತ್ರ ಅಲ್ಲ ಎಂದು ಅವರಿಗೆ ಹೇಳಿಲ್ಲ. ನಿನ್ನ ಮಾಫಿ ಬರದಿದ್ದರೆ ನಾನು ಹೋಗುವುದಿಲ್ಲ ಎಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದೇನೆ.

ದಾವಲಬಿ


ಶ್ರೀ
ಯಂಕಂಚಿ
೨೦ ಡಿಸೆಂಬರ್ ೧೯೬೩

ದಾವಲೂ,

ಮುಂಬಯಿಯಿಂದ ಚಂದಪ್ಪನಿಗೆ ಉತ್ತರ ಬಂದಿದೆ. ಅವನು ಹೇಳಿದ್ದನ್ನು ಬರೆಯುತ್ತೇನೆ. ಆ ಬದಕ ಯಾರದೂ ಅಲ್ಲ. ಹೋದ ವರ್ಷ ಉತ್ತರದ ಕಡೆಯ ಒಂದು ಕೆರೆಯಲ್ಲಿ ಅದನ್ನು ಹಿಡಿದು, ಉಂಗುರ ತೊಡಿಸಿ, ಅಲ್ಲಿಯೇ ಬಿಟ್ಟುಬಿಟ್ಟರಂತೆ. ಎಲ್ಲಿ ಹೋಗುತ್ತದೆ ಎಂದು ತಿಳಿಯಲು ಹಾಗೆ ಮಾಡುತ್ತಾರಂತೆ. ಬೇಸಿಗೆಗೆ ಹಿಮಾಲಯದ ಆಚೆ ಹೋಗಿ, ಮಳೆಗಾಲ ಮುಗಿದ ಮೇಲೆ ಇತ್ತ ಬರುವ ಹಕ್ಕಿ ಅದು. ತಂಗಡಗಿಯ ತನಕ ಬಂದಿತ್ತೆಂದು ತಿಳಿದು ಅವರಿಗೆ ಸಂತೋಷವಾಗಿದೆ. ತಿಂದದ್ದಕ್ಕೆ ತಕರಾರಿಲ್ಲ. ಹಿಡಿದ ತಾರೀಖು ಯಾವುದೆಂದು ಕೇಳಿದ್ದಾರೆ. ಚಂದಪ್ಪ ಇಷ್ಟನ್ನೂ ನಗುತ್ತ ಓದಿ ಹೇಳಿದ. ನನಗೆ ನಗು ಬರಲಿಲ್ಲ.

ಇನ್ನು ನನ್ನ ಮಾತು. ಹುಲಿಗೆವ್ವ ಕರೆದದ್ದನ್ನು ಬರೆದ ನಿನ್ನ ಕಾಗದ ಓದಿ ಬಹಳ ದಿನ ಇಟ್ಟುಕೊಂಡೆ.

ನಮ್ಮ ಯಜಮಾನರು ತೀರಿಕೊಂಡ ವರ್ಷದ ಸಂಕ್ರಾಂತಿ. ಎಳ್ಳು ಬೆಲ್ಲ ಹಂಚುವ ಹಬ್ಬ. ಓಣಿಯಲ್ಲಿ ನನ್ನ ಕೈಯಿಂದ ಒಬ್ಬರೂ ತೆಗೆದುಕೊಳ್ಳಲಿಲ್ಲ. ನಮ್ಮ ನಾದಿನಿಯೇ, “ಅಲ್ಲೇ ಕಟ್ಟೀಮ್ಯಾಗ ಇಡವ್ವಾ, ಆಮ್ಯಾಲ ತಗೋತೇನಿ” ಎಂದಳು. ಆಮೇಲೆ ಆ ಕಟ್ಟೆಯ ಮೇಲೆ ಇರುವೆ ತಿಂದವು. ದಾವಲು ಆದರೂ ತೆಗೆದುಕೊಂಡಾಳು ಎಂದು, ಊರವರು ಕೃಷ್ಣೆಯ ಸ್ನಾನಕ್ಕೆ ಹೊರಟ ಲಾರಿಯಲ್ಲಿ ಕೂತು ತಂಗಡಗಿಗೆ ಬಂದೆ. ಯಜಮಾನರು ಕೊನೆಯ ಸಲ ಗುಳೇದಗುಡ್ಡದಿಂದ ತಂದ ಹಸಿರು ಖಣ ಒಂದು ಇತ್ತು. ನಾನು ಇನ್ನು ತೊಡುವಂತಿರಲಿಲ್ಲ. ನೀನು ಕುಬಸ ಹೊಲಿಸಿಕೊಳ್ಳಲೆಂದು ಅದರಲ್ಲೇ ಎಳ್ಳು ಬೆಲ್ಲ ಗಂಟು ಕಟ್ಟಿದೆ.

ನಿನ್ನ ಬಾಗಿಲು ತೆರೆದಿತ್ತು. ನೀನು ಒಳಗೆ ನಮಾಜಿನಲ್ಲಿದ್ದೆ. ದಾವಲೂ ಎಂದು ಕರೆದೆ. ನಮಾಜೆಂದರೆ ನನಗೆ ತಿಳಿಯದ್ದಲ್ಲ. ಆದರೆ ಸಣ್ಣವರಿದ್ದಾಗ ನಿಮ್ಮ ಅವ್ವ ನಮಾಜಿನಲ್ಲಿದ್ದಾಗ ನಾನು ಬಂದರೆ, ಅಲ್ಲಾಹು ಅಕ್ಬರ್ ಎನ್ನುವುದನ್ನು ಸ್ವಲ್ಪ ಜೋರಾಗಿ ಅನ್ನುತ್ತಿದ್ದಳು, ಕೂಡು ಎಂದು ನನಗೆ ತಿಳಿಯಲಿ ಎಂದು. ನೀನು ಅನ್ನಲಿಲ್ಲ. ಎದ್ದೆ, ಬಾಗಿದೆ, ಮತ್ತೆ ಎದ್ದೆ. ಮತ್ತೊಮ್ಮೆ ಕರೆದೆ. ಹೊಳೆಯ ಕಡೆಯಿಂದ ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಇವಳೂ ಮುಂಡೆಯ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ತಿರುಗುತ್ತಿಲ್ಲ ಎಂದುಕೊಂಡೆ. ಗಂಟನ್ನು ಹೊಸ್ತಿಲ ಮೇಲೆ ಇಟ್ಟು ಬಂದೆ. ಆಮೇಲೆ ನಿನ್ನ ಕಾಗದಗಳು ಬಂದವು, ಒಂದರಲ್ಲೂ ಗಂಟಿನ ಮಾತಿಲ್ಲ. ಆಗ ಖಾತ್ರಿಯಾಯಿತು.

ಹೋದ ವಾರ ಕರ್‌ ಕರ್‌ ಹಕ್ಕಿಗಳು ನಮ್ಮ ಕಡಲೆ ಹೊಲದಲ್ಲಿ ಇಳಿದವು. ನೋಡೋಣ ಎಂದು ಬದುವಿನಲ್ಲಿ ಅಲುಗಾಡದೆ ಕೂತೆ. ಚಂದಪ್ಪ ಊಟಕ್ಕೆ ಕರೆದ. ಕೇಳಿಸಿತು. ಹಕ್ಕಿ ಏಳುತ್ತವೆಂದು ತಿರುಗಲಿಲ್ಲ. ಅವನು ಗಾಬರಿಯಾಗಿ, “ಯವ್ವಾ, ಯಾಕಬೇ, ಏನಾತು?” ಎನ್ನುತ್ತ ಬೆಳೆ ತುಳಿದು ಓಡಿಬಂದು ಭುಜ ಹಿಡಿದು ಅಲುಗಿಸಿದ. ಹಕ್ಕಿಗಳು ಎದ್ದವು. ನನಗೆ ಅಳು ಬಂತು. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಈಗ ಹೇಳು ದಾವಲೂ, ನಾನು ಏನನ್ನು ಮಾಫ್ ಮಾಡಲಿ? ನೀನು ತಪ್ಪೇ ಮಾಡಿಲ್ಲ. ಇಷ್ಟು ವರ್ಷ ಹೊತ್ತ ಸಿಟ್ಟನ್ನು ಎಲ್ಲಿ ಇಳಿಸಲಿ, ಅದೂ ತಿಳಿಯದು. ಮಾಫ್ ಎಂದು ಬರೆಯಲು ಹೋದರೆ ಸುಳ್ಳು ಬರೆದಂತಾಗುತ್ತದೆ.

ಶೆಟ್ಟೆವ್ವ


೭೮೬
ತಂಗಡಗಿ
೩೧ ಡಿಸೆಂಬರ್ ೧೯೬೩

ಶೆಟ್ಟೆವ್ವಾ, ನನ್ನ ತಾಯೀ,

ನಿನ್ನ ಕಾಗದ ಓದಿದವಳೇ ಹಿತ್ತಲಿಗೆ ಓಡಿಹೋಗಿ ಕೋಳಿಗಳನ್ನು ಒಂದೊಂದಾಗಿ ಹಿಡಿದು ಕಾಲು ನೋಡಿದೆ. ಹುಲಿಗೆವ್ವ ಗೋಡೆಯ ಆಚೆಯಿಂದ, “ಈಗ ಮನ್ಯಾನ ಕೋಳೀಗೂ ಉಂಗುರ ಹುಡಕಾಕತ್ತಿಯೇನು?” ಎಂದಳು.

ಆ ದಿನ ನನಗೆ ನೆನಪಿದೆ. ಮಧ್ಯಾಹ್ನದ ಜೋಹರ್ ನಮಾಜು. ಯಾರೋ ಕರೆದರು. ಸಲಾಮು ತಿರುಗಿಸಿ ಬಾಗಿಲಿಗೆ ಬಂದರೆ ಯಾರೂ ಇಲ್ಲ, ಹೊಸ್ತಿಲ ಮೇಲೆ ಗಂಟು. ವರ್ಷವೂ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡುವವಳು ಹುಲಿಗೆವ್ವ, ಅವಳೇ ಇಟ್ಟು ಹೋಗಿದ್ದಾಳೆ ಎಂದುಕೊಂಡೆ. ಗೋಡೆಯ ಮೇಲಿಂದ, “ಎಳ್ಳು ಬಾಳ ಚೊಲೊ ಅದಾವಬೇ” ಎಂದೆ. ಆ ಮಹಾತಾಯಿ, “ಅದರಾಗೇನೈತಿ, ತಿನ್ನು” ಎಂದಳು! ಈಗ ಹೋಗಿ ಕೇಳಿದೆ. “ನಾ ಇಟ್ಟಿರಲಿಲ್ಲ ಖರೆ. ನೀ ಹೊಗಳಾಕತ್ತಿದ್ದಿ, ಬ್ಯಾಡ ಅನ್ನಲೇನು?” ಎನ್ನುತ್ತಾಳೆ. ಬಾಬುಲಾಲ ಬದಕ ತನ್ನದೆಂದ, ಇವಳು ಎಳ್ಳು ತನ್ನದೆಂದಳು. ಅವನನ್ನು ಉಂಗುರ ಯಾತರದೆಂದು ಕೇಳಿದ ನಾನು ಇವಳನ್ನು ಒಂದು ಮಾತು ಕೇಳಲಿಲ್ಲ.

ಇನ್ನೊಂದನ್ನೂ ಬರೆಯಲೇಬೇಕು. ಬೆಲ್ಲ ಕರಗಿ ಖಣಕ್ಕೆ ಮೆತ್ತಿತ್ತು, ಇರುವೆ ಮುತ್ತಿತ್ತು. ತೊಳೆದರೆ ಬಣ್ಣ ಬಿಟ್ಟು ಕಲೆಯಾಯಿತು. ಹುಲಿಗೆವ್ವನ ಗಂಟು ಬಟ್ಟೆ, ಏನು ಮಹಾ ಎಂದು ಹರಿದೆ. ನಮ್ಮ ಕೋಳಿಗಳ ಕಾಲಿಗೆ ಹಸಿರು ಚಿಂದಿ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಅದೇ, ಶೆಟ್ಟೆವ್ವಾ. ನಿನ್ನ ಯಜಮಾನರು ಗುಳೇದಗುಡ್ಡದಿಂದ ತಂದ ಖಣ. ಇಷ್ಟು ವರ್ಷ ಚಿಂದಿ ಸವೆದಂತೆಲ್ಲ ಅದರಿಂದಲೇ ಹರಿದು ಹರಿದು ಕಟ್ಟಿದ್ದೇನೆ. ಅಂಗೈಯಷ್ಟು ತುಂಡು ಗೋಡೆಯ ಗೂಡಿನಲ್ಲಿ ಉಳಿದಿದೆ. ಇವು ನನ್ನವು ಎಂದು ಊರಿಗೆ ತೋರಿಸಲು ನಿನ್ನ ಖಣ ಕಟ್ಟಿ ತಿರುಗಿಸಿದೆ.

ಏನನ್ನು ಮಾಫ್ ಮಾಡಲಿ ಎಂದು ಕೇಳಿದ್ದೀ. ಇಗೋ, ಸಿಕ್ಕಿತು. ಬೆಟ್ಟದಷ್ಟಿದೆ. ಈಗ ಮಾಡುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಬಿಟ್ಟರೆ ನಾನು ಹೋಗುವುದಿಲ್ಲ, ನಿನ್ನ ಮೇಲೆ ಮುನಿಸೂ ಇಲ್ಲ.

ಬದಕದ್ದು ನನಗೆ ಇನ್ನೂ ತಿಳಿದಿಲ್ಲ. ಗುರುತು ಕಟ್ಟುವುದು, ಆಮೇಲೆ ಬಿಟ್ಟುಬಿಡುವುದು, ನಮ್ಮದಲ್ಲ ಎನ್ನುವುದು, ಎಲ್ಲಿ ಹೋಯಿತೆಂದು ಮಾತ್ರ ಕೇಳುವುದು. ಇಂಥ ಒಡೆತನ ನಾನು ಕೇಳಿಲ್ಲ. ಅಷ್ಟು ದೂರದಿಂದ ನಮ್ಮ ಮರಳಿಗೆ ಬಂದ ಮುಸಾಫಿರನನ್ನು ಮಸಾಲೆ ಹಾಕಿ ತಿಂದೆವು ಎಂದು ನೆನೆದರೆ ತುತ್ತು ಇಳಿಯುವುದಿಲ್ಲ. ಜಹಾಜು ಹತ್ತುವುದಾದರೆ, ಮುಂಬಯಿಯಲ್ಲಿ ಆ ಸಂಸ್ಥೆಯ ಬಾಗಿಲಿಗೆ ಹೋಗಿ ಉಂಗುರ ಅವರ ಕೈಯಲ್ಲಿಟ್ಟು, ಬಾಯಿಂದ ಒಮ್ಮೆ ಮಾಫ್ ಎನ್ನಿಸಿಕೊಂಡೇ ಹೋಗುತ್ತೇನೆ. ಒಡೆಯರಲ್ಲದಿದ್ದರೂ ಅನ್ನಲಿ. ಚಂದಪ್ಪನಿಂದ ವಿಳಾಸ ಬರೆಸಿ ಕಳಿಸು.

ಸಂಕ್ರಾಂತಿ ಬಂತು. ಅದಾದ ಒಂದೆರಡು ದಿನಕ್ಕೆ ರಮಜಾನಿನ ಚಂದ್ರ. ಅಷ್ಟರೊಳಗೆ ಎಳ್ಳು ತಿನ್ನಲು ಅಡ್ಡಿಯಿಲ್ಲ. ನನ್ನ ಬಾಗಿಲು ತೆರೆದೇ ಇರುತ್ತದೆ. ನೀನು ಬಂದಾಗ ನಮಾಜಿನಲ್ಲಿದ್ದರೆ, ನಮ್ಮ ಅವ್ವನಂತೆ ಜೋರಾಗಿಯೇ ಅನ್ನುತ್ತೇನೆ.

ನಿನ್ನ,
ದಾವಲು


ಶ್ರೀ
ಯಂಕಂಚಿ
೭ ಜನವರಿ ೧೯೬೪

ದಾವಲೂ,

ಕಾಗದ ಓದಿ ಮೊದಲು ಅತ್ತೆ. ಆಮೇಲೆ ನಿನ್ನ ಕೋಳಿಗಳು ಗುಳೇದಗುಡ್ಡದ ಖಣ ತೊಟ್ಟು ತಿಪ್ಪೆ ಕೆದರುವುದು ಕಣ್ಣಿಗೆ ಕಟ್ಟಿತು. ಅವರು ಇದ್ದಿದ್ದರೆ ಗೋಡೆ ಹಿಡಿದು ನಗುತ್ತಿದ್ದರು. ಅದನ್ನು ನೆನೆದು ನಾನೂ ನಕ್ಕೆ. ಚಂದಪ್ಪ ಎರಡನ್ನೂ ನೋಡಿ, ಇಲ್ಲೇನೋ ಕೆಟ್ಟಿದೆ ಎಂದು ಎದ್ದು ಹೊರಗೆ ಹೋದ.

ಮಾಫ್. ಇದನ್ನು ನಾನೇ ಬರೆದಿದ್ದೇನೆ, ಅಕ್ಷರ ನೋಡಿಕೊ. ಮುಂಬಯಿಯ ವಿಳಾಸ ಕೆಳಗೆ ಚಂದಪ್ಪ ಬರೆದಿದ್ದಾನೆ.

ಕೋಳಿಗಳ ಚಿಂದಿ ಬಿಚ್ಚಬೇಡ. ಸಂಕ್ರಾಂತಿಗೆ ಬರುತ್ತೇನೆ. ಮಧ್ಯಾಹ್ನ ನಿನ್ನ ಹಕ್ಕಿಗಳನ್ನೂ ತೋರಿಸು, ಯಾರು ಕರೆದರೂ ಇಬ್ಬರೂ ತಿರುಗುವುದು ಬೇಡ. ಬಾಗಿಲಿಗೆ ಬಂದಾಗ ನೀನು ನಮಾಜಿನಲ್ಲಿದ್ದರೆ ಜೋರಾಗಿ ಅನ್ನುವುದೂ ಬೇಡ, ನಿನ್ನ ಪಾಡಿಗೆ ನೀನು ಮುಗಿಸು. ನಾನು ಹೊಸ್ತಿಲ ಮೇಲೆ ಕೂತಿರುತ್ತೇನೆ. ಲಾರಿ ಹೋದರೆ ಹೋಗಲಿ.

ನಿನ್ನ,
ಶೆಟ್ಟೆವ್ವ